ಬೆಂಚಿನ ದೂರ

ಹರ್ಮೀನ್ ಅಂಗಿಯನ್ನು ಕೈಗೆ ಕೊಡಲಿಲ್ಲ. ಪಕ್ಷಿಮನೆಯಿಂದ ಬಂದಿದ್ದ ವಿಟಸ್‌ನ ಮುಖಕ್ಕೆ ಎಸೆದಳು.

"ತಗೋ. ಗಾಸ್ಪಾರ್ ದಿನಾ ಹಾಕ್ತಿದ್ದದ್ದು. ಅವಳಿಗೆ ಹೊದಿಸು."

"ನೀವೂ ಬನ್ನಿ ಚಿಕ್ಕಮ್ಮ. ದೂದೂ ಹನ್ನೊಂದು ದಿನದಿಂದ ಸರಿಯಾಗಿ ತಿಂದಿಲ್ಲ. ಎದೆ ಗರಿ ಕಿತ್ಕೊಳ್ತಿದೆ. ಹೀಗೇ ಬಿಟ್ರೆ ಉಳಿಯಲ್ಲ."

"ಅವಳಿಗೆ ಬೇಕಾಗಿರೋದು ನನ್ನ ಗಂಡ. ಗೋರಿ ಹತ್ರ ಕರ್ಕೊಂಡು ಹೋಗು."

ಆದರೂ ಹೊರಟಳು. ಸವತಿ ಸೊರಗಿದ್ದನ್ನು ಕಣ್ಣಾರೆ ನೋಡಬೇಕಿತ್ತು.

ಸವತಿ ಎಂದರೆ ಗಿಳಿ. ಸೇಂಟ್ ಲೂಸಿಯಾದ ಕಾಡು ಬಿಟ್ಟರೆ ಇನ್ನೆಲ್ಲೂ ಇಲ್ಲದ ಜಾಕೋ ಗಿಳಿ. ಇಪ್ಪತ್ತಾರು ವರ್ಷದ ಹಿಂದೆ, ಬಿರುಗಾಳಿಗೆ ಉರುಳಿದ ಮರದ ಪೊಟರೆಯಿಂದ ಗಾಸ್ಪಾರ್ ಮರಿಯನ್ನು ತಂದಿದ್ದ. ದೂದೂ ಎಂದು ಕರೆದ. ದೂದೂ ಎಂದರೆ ನಲ್ಲೆ. ಹೆಂಡತಿಯನ್ನು ಒಮ್ಮೆಯೂ ಹಾಗೆ ಕರೆದವನಲ್ಲ. ಬೇಯಿಸಿದ ಬಾಳೆಕಾಯಿಯ ಮೊದಲ ತುಂಡು ದೂದೂಗೆ. ಹರ್ಮೀನ್‌ಗೆ ಮಡಕೆಯ ತಳ.

ಬೆಂಚಿನ ಮೇಲೆ ಅವಳು ಗಂಡನ ಪಕ್ಕ ಕೂತರೆ ಸಾಕು, ದೂದೂ ಹಾರಿಬಂದು ಅವಳ ಕಿವಿ ಕಚ್ಚುತ್ತಿತ್ತು. ಗಾಸ್ಪಾರ್ ನಗುತ್ತಿದ್ದ: "ನೋಡೇ, ನನ್ನ ಹುಡುಗಿಗೆ ಹೊಟ್ಟೆಕಿಚ್ಚು!" ಕೊನೆಗೆ ಹರ್ಮೀನ್ ಒಲೆ ಪಕ್ಕದ ಮಣೆಗೆ ಸರಿದಳು. ಅಲ್ಲೇ ಉಳಿದಳು.

ಅವನು ಸತ್ತ ಮೇಲೆ ಕಚ್ಚುವುದೂ ನಿಂತಿತು. ಗೆದ್ದವಳಿಗೆ ಇನ್ನೇಕೆ ಜಗಳ? ಮನೆಯಲ್ಲಿ ಸಾಕಿದ ಜಾಕೋಗಳನ್ನು ಮರಿ ಮಾಡಿಸಲು ಒಪ್ಪಿಸಿ ಎಂದು ರೇಡಿಯೊದಲ್ಲಿ ಕೇಳಿದ ಮರುದಿನವೇ ಹರ್ಮೀನ್ ಪಂಜರ ಹೊತ್ತುಕೊಂಡು ಪಕ್ಷಿಮನೆಗೆ ಹೋಗಿ ಕೊಟ್ಟು ಬಂದಿದ್ದಳು. ಅದಾಗಿ ಹನ್ನೊಂದು ದಿನ.

ದಾರಿಯಲ್ಲಿ ವಿಟಸ್ ಬಾಯಿಬಿಟ್ಟ. "ಜೊತೆಗೆ ಮೂರು ಗಿಳಿ ತೋರಿಸಿದ್ವಿ. ಒಂದನ್ನೂ ಒಪ್ಪಲಿಲ್ಲ. ಇನ್ನೊಂದು ವಿಷಯ ಏನಂದ್ರೆ..."

"ಅವಳ ವಿಷಯ ನನಗೆ ಹೇಳ್ಬೇಡ."

ಪಕ್ಷಿಮನೆಯಲ್ಲಿ ವಿಟಸ್ ಅಂಗಿಯನ್ನು ಕೊಂಬೆಗೆ ತೂಗುಹಾಕಿದ. ದೂದೂ ಕತ್ತು ಓರೆ ಮಾಡಿ ನೋಡಿತು. ಮೊದಲು ಗುಂಡಿ ಕಿತ್ತಿತು. ಆಮೇಲೆ ಕಾಲರ್. ಆಮೇಲೆ ತೋಳು. ಚಿಂದಿಯೆಲ್ಲ ನೆಲಕ್ಕೆ ಬಿದ್ದ ಮೇಲೆ ಹಾರಿ ಹರ್ಮೀನ್‌ಳ ಹೆಗಲೇರಿತು. ತಲೆ ಕುಣಿಸಿತು. ಗಂಟಲೊಳಗಿಂದ ಅಗಿದ ಹಣ್ಣು ತಂದು ಅವಳ ಕೆನ್ನೆಗೆ ಒತ್ತಿತು.

"ಹೆದರ್ಬೇಡಿ ಚಿಕ್ಕಮ್ಮ," ಎಂದು ವಿಟಸ್ ಅವಳ ತೋಳು ಹಿಡಿದ.

ದೂದೂ ಅವಳ ಕಿವಿ ಕಚ್ಚಿತು.

"ನೋಡಿದ್ಯಾ? ಅದೇ ಹಳೇ ದ್ವೇಷ!"

ವಿಟಸ್ ಕೈ ತೆಗೆದ. ಚಿಂದಿ ನೋಡಿದ, ಅವಳ ಕೆನ್ನೆಯ ಹಣ್ಣು ನೋಡಿದ. "ದ್ವೇಷ ಅಲ್ಲ. ಹೀಗೆ ಹಣ್ಣು ಉಣಿಸೋದು ಜೋಡಿಗೆ ಮಾತ್ರ. ನೋಡೋಕೆ ಗಂಡು ಹೆಣ್ಣು ಒಂದೇ ಥರ ಅಂತ ಗರಿ ಪರೀಕ್ಷೆ ಮಾಡ್ಸಿದ್ವಿ. ದೂದೂ ಗಂಡು. ಬೇರೆ ಗಂಡಸು ಹತ್ರ ಬಂದ್ರೆ ಇವು ತಮ್ಮ ಜೋಡೀನೇ ಕಚ್ಚಿ ಆಚೆ ಅಟ್ತಾವೆ."

ಕಿವಿಯಿಂದ ಇಳಿದ ರಕ್ತ ಕತ್ತಿಗೆ ಬಂತು. ವಿಟಸ್ ಕರವಸ್ತ್ರ ತೆಗೆದ.

"ತಾಳಿ, ಒರೆಸ್ತೀನಿ."

"ಬೇಡ," ಎಂದಳು ಹರ್ಮೀನ್. "ಅಲ್ಲೇ ನಿಂತ್ಕೋ. ಅವನಿಗೆ ಆಗಲ್ಲ."