ಮನೆಗೆ ಮನೆ

"ನಿಮ್ಮ ಮನೆ ವಿಷಯದಲ್ಲಿ ನಾವು ತಿಳಿದಿರಬೇಕಾದ್ದು ಇನ್ನೇನಾದರೂ ಇದೆಯಾ?" ಎಂದು ಮನೆ ಕಟ್ಟುವ ಕಂಪನಿಯ ಮಾರಾಟದ ಹುಡುಗಿ ಬ್ರಯೊನಿ ಕೇಳಿದಳು. ಕೇಳಲೇಬೇಕಲ್ಲ ಎಂದು ಕೇಳಿದ್ದಷ್ಟೆ. ಅವಳ ಕೈ ಆಗಲೇ ಪೆನ್ನನ್ನು ಟ್ರೆವರ್‌ನ ಕಡೆಗೆ ಚಾಚಿತ್ತು.

"ಏನೂ ಇಲ್ಲ," ಎಂದ ಟ್ರೆವರ್.

"ನೆಲಮಾಳಿಗೆಗೆ ನೀರು ಬರುತ್ತೆ," ಎಂದಳು ಅವನ ಹೆಂಡತಿ ಗೇನರ್.

ಮೇಜಿನ ಕೆಳಗೆ ಗಂಡನ ಬೂಟು ಅವಳ ಪಾದವನ್ನು ತುಳಿಯಿತು. ಗೇನರ್ ಪಾದವನ್ನು ಈಚೆಗೆ ಎಳೆದುಕೊಂಡು ಮಾತು ಮುಂದುವರಿಸಿದಳು. ಚಳಿಗಾಲದಲ್ಲಿ ಹೊಳೆ ಏರಿದಾಗಲೆಲ್ಲ ಕಲ್ಲಿನ ಸಂದಿಯಿಂದ ನೀರು ಒಸರುತ್ತದೆ, ಪಂಪು ಹಚ್ಚಿ ಎತ್ತಬೇಕು. ಕಂಪನಿಯವರು ಬೆಲೆ ಕಟ್ಟಲು ಬಂದದ್ದು ಬೇಸಿಗೆಯಲ್ಲಿ. ಅವತ್ತು ಪಂಪು ಕಾರಿನ ಡಿಕ್ಕಿ ಸೇರಿತ್ತು, ಗೋಡೆಗೆ ಹೊಸದಾಗಿ ಬಿಳಿ ಬಣ್ಣ ಬಳಿದಾಗಿತ್ತು. ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಟ್ರೆವರ್ ಕಿಟಕಿಯ ಕಡೆ ತಿರುಗಿ ಕುಳಿತ.

ಯಾರ್ಕ್‌ಷೈರಿನ ಆ ಕಣಿವೆಯಲ್ಲಿ ಮನೆಗಳು ಗುಡ್ಡಕ್ಕೆ ಬೆನ್ನು ಕೊಟ್ಟು ಎತ್ತರಕ್ಕೆ ನಿಂತಿವೆ; ಒಳಗೆ ಇರುವುದೆಲ್ಲ ಮೆಟ್ಟಿಲೇ. ಟ್ರೆವರ್‌ನ ಮಂಡಿ ಮುಷ್ಕರ ಹೂಡಿದ ಮೇಲೆ ಮನೆ ಮಾರಲು ಇಬ್ಬರೂ ಒದ್ದಾಡಿದ್ದರು. ಬಂದವರೆಲ್ಲ ನೋಡಿ, ಚಹಾ ಕುಡಿದು ಹೋಗಿದ್ದೇ ಬಂತು. ಆಗ ಊರಾಚೆಯ ಬಯಲಿನಲ್ಲಿ ಒಂದೇ ಅಂತಸ್ತಿನ ಹೊಸ ಮನೆ ಕಟ್ಟುತ್ತಿದ್ದ ಕಂಪನಿ, ಹಳೆಯದನ್ನು ನಮಗೇ ಕೊಡಿ, ಮೇಲಿನ ವ್ಯತ್ಯಾಸ ಮಾತ್ರ ತುಂಬಿ ಹೊಸದು ತಗೊಳ್ಳಿ ಎಂದಿತು. ಗೇನರ್ ಅಲ್ಲಿನ ಒಂದು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹೊರಗೆ ಕುರಿ ಮೇಯುವ ಹಸಿರು ಹೊಲ ನೋಡಿದವಳೇ ಮನಸೋತಿದ್ದಳು.

ಹಾಗಿದ್ದೂ ಬಾಯಿ ಬಿಟ್ಟಿದ್ದಕ್ಕೆ ಕಾರಣವಿತ್ತು. ಆ ಹಳೆಯ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ, ಮಗಳ ಆಟದ ಕೋಣೆಯಾಗಿದ್ದ ನೆಲಮಾಳಿಗೆಯಲ್ಲಿ ಗೊಂಬೆಗಳು ತೇಲುತ್ತಿದ್ದವು. ಮಾರಿದವನು ಒಂದು ಮಾತೂ ಹೇಳಿರಲಿಲ್ಲ. ಅವನಿಗೆ ಗೇನರ್ ಎಷ್ಟೋ ವರ್ಷ ಹಿಡಿಶಾಪ ಹಾಕಿದ್ದಳು. ಮುಂದೆ ಇನ್ನಾವಳೋ ಅದೇ ಮೆಟ್ಟಿಲ ಮೇಲೆ ನಿಂತು ತನಗೆ ಶಾಪ ಹಾಕುವುದು ಅವಳಿಗೆ ಬೇಡವಾಗಿತ್ತು.

ಬ್ರಯೊನಿ ಒಳಗೆ ಹೋಗಿ ಫೋನು ಮಾಡಿ ಬಂದಳು. ಹಳೆಯ ಮನೆಗೆ ಕೊಡುವ ಬೆಲೆಯಲ್ಲಿ ಒಂಬತ್ತು ಸಾವಿರ ಪೌಂಡು ಇಳಿದಿತ್ತು. ಟ್ರೆವರ್ ಕಣ್ಣು ಮುಚ್ಚಿಕೊಂಡ.

"ಇರಲಿ," ಎಂದಳು ಗೇನರ್. "ನಮ್ಮ ಮನೆ ಹುಳುಕು ನಾನು ಹೇಳಿದೆ. ಈಗ ನಿನ್ನ ಮನೇದು ನೀನು ಹೇಳಮ್ಮ."

ಬ್ರಯೊನಿ ನಕ್ಕಳು. ಹೊಸ ಮನೆಯಲ್ಲಿ ಹುಳುಕೆಲ್ಲಿಂದ ಬರಬೇಕು, ಹತ್ತು ವರ್ಷದ ಖಾತರಿ ಇದೆ, ಕಿಟಕಿಗೆ ಎರಡು ಪದರದ ಗಾಜು ಇದೆ ಎಂದು ಬಾಯಿಪಾಠ ಒಪ್ಪಿಸಿದಳು. ಮೂರು ದಶಕ ಹೆಂಗಸರ ತಲೆಗೂದಲು ಕತ್ತರಿಸಿ ಗೇನರ್ ಕಲಿತದ್ದು ಒಂದಿತ್ತು: ಕನ್ನಡಿಯ ಮುಂದೆ ಕೂತವರಿಗೆ ಪ್ರಶ್ನೆ ಕೇಳಬಾರದು, ಸುಮ್ಮನಿದ್ದರೆ ತಾವಾಗಿಯೇ ಹೇಳುತ್ತಾರೆ. ಅವಳು ಮಡಿಲಲ್ಲಿ ಕೈ ಕಟ್ಟಿಕೊಂಡು ಹುಡುಗಿಯ ಮುಖವನ್ನೇ ನೋಡುತ್ತ ಕೂತಳು.

ಹುಡುಗಿಯ ನಗು ಒಂದಿಷ್ಟು ಹೊತ್ತು ನಿಂತು, ಆಮೇಲೆ ಇಳಿಯಿತು. ಅವಳು ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಮತ್ತೆ ಮಾತಾಡಿದಾಗ ಕಂಪನಿ ಕಲಿಸಿದ ನಯದ ಭಾಷೆ ಹೋಗಿ, ಕಣಿವೆಯ ಮನೆಮಾತು ಬಂದಿತ್ತು.

"ಆ ಕುರಿ ಹೊಲಾನೂ ನಮ್ಮ ಕಂಪನೀದೇಯ. ಬರೋ ವಸಂತಕ್ಕೆ ಪಾಯ ಅಗೆಯೋಕೆ ಶುರು ಮಾಡ್ತಾರೆ. ನಿಮ್ಮ ಅಡುಗೆಮನೆ ಕಿಟಕಿ ಎದುರಿಗೆ ಇನ್ನೊಬ್ಬರ ಬಚ್ಚಲಮನೆ ಕಿಟಕಿ ಬರುತ್ತೆ. ಅಲ್ಲೀವರೆಗೂ ಲಾರಿ, ಕೆಸರು."

ಟ್ರೆವರ್ ಕಣ್ಣು ಬಿಟ್ಟ. ಕಿಟಕಿಯ ಹಸಿರಿಗಾಗಿಯೇ ಆ ಮನೆಗೆ ಹೆಚ್ಚು ಬೆಲೆ ಇಟ್ಟಿದ್ದರು.

"ನಿಮ್ಮಮ್ಮನಿಗೇ ಕೊಡಿಸೋದಾದ್ರೆ ಯಾವ ಮನೆ ಕೊಡಿಸ್ತೀಯ?" ಎಂದಳು ಗೇನರ್.

ಬ್ರಯೊನಿ ಯೋಚಿಸಲಿಲ್ಲ. ನಕ್ಷೆಯ ತುದಿಯ ಒಂದು ಮನೆಯ ಮೇಲೆ ಬೆರಳಿಟ್ಟಳು. ಅದೂ ಒಂದೇ ಅಂತಸ್ತಿನದು, ಬಿಸಿಲು ಚೆನ್ನಾಗಿ ಬೀಳುತ್ತದೆ, ಆದರೂ ಯಾರೂ ಕೇಳುತ್ತಿಲ್ಲ, ಅದಕ್ಕೇ ಬೆಲೆ ಇಳಿಸಿದ್ದಾರೆ ಎಂದಳು. ಯಾಕೆ ಕೇಳುತ್ತಿಲ್ಲ ಎಂಬುದನ್ನೂ ಹೇಳಿದಳು. ಗೇನರ್ ಲೆಕ್ಕ ಹಾಕಿದಳು. ನೆಲಮಾಳಿಗೆ ನುಂಗಿದ್ದ ಹಣ ಇಲ್ಲಿ ಹೆಚ್ಚುಕಡಿಮೆ ಪೂರ್ತಿ ವಾಪಸು ಬರುತ್ತಿತ್ತು.

ಮೂವರೂ ನಡೆದು ಹೋದರು. ಟ್ರೆವರ್ ಮಂಡಿ ಹಿಡಿದುಕೊಳ್ಳದೆ ಒಳಹೊಕ್ಕ, ಕೋಣೆಯಿಂದ ಕೋಣೆಗೆ ಓಡಾಡಿದ, ಓವನ್ನಿನ ಬಾಗಿಲು ತೆಗೆದು ನೋಡಿದ. ಮುಖದಲ್ಲಿ ಗೆಲುವು ಮೂಡುತ್ತಿತ್ತು. ಕೊನೆಗೆ ಅಡುಗೆಮನೆಯ ಕಿಟಕಿಗೆ ಬಂದ. ತಗ್ಗಾದ ಕಲ್ಲುಗೋಡೆಯಾಚೆ, ಹಳೆಯ ಚರ್ಚಿನ ಸಮಾಧಿಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು.

ಅವನು ಆ ಕಲ್ಲುಗಳ ಕಡೆ ಬೆರಳು ತೋರಿಸಿದ. "ಆ ಹೊಲದ ಥರಾನೇ ನಾಳೆ ಇದನ್ನೂ ಕಂಪನಿಯವರು ತಗೊಂಡ್ರೆ?"

ಗೇನರ್ ಅವನ ಪಕ್ಕಕ್ಕೆ ಬಂದು, ಕಿಟಕಿ ತೆರೆದು, ಒಳಗೆ ಗಾಳಿ ಬಿಟ್ಟಳು.

"ಇಲ್ಲಿ ಮಲಗಿರೋರ ಹತ್ರ ಮನೆಗೆ ಮನೆ ಬದಲಾಯಿಸ್ಕೊಳ್ಳೋಕೆ ಯಾವ ಕಂಪನಿ ಕೈಲೂ ಆಗಲ್ಲ ಕಣೋ," ಎಂದಳು.