ಸ್ಥಳ ಪರಿಶೀಲನೆ

ಮುನಿರತ್ನ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ ಮೇಲೆ, ಮಾಲಿನ್ಯ ಮಂಡಳಿಯ ಸಾಹೇಬರು ಕೊನೆಗೂ ಅವಳ ಮನೆಬಾಗಿಲಿಗೆ ಬಂದರು. ಹಿತ್ತಲ ಗೋಡೆಗೆ ತಾಗಿಕೊಂಡೇ ಬಣ್ಣದ ಕಾರ್ಖಾನೆಯ ನೀರು ಕಪ್ಪಗೆ ಹರಿಯುತ್ತಿತ್ತು.

“ಕಾರ್ಖಾನೆಯೋರು ಇದು ಬರೀ ಚರಂಡಿ ಅಂತಾರಮ್ಮ. ಚರಂಡಿಯಾದ್ರೆ ನನ್ನ ಕೈ ಕಟ್ಟಿಹಾಕಿದ ಹಾಗೆ.”

ಮುನಿರತ್ನಳಿಗೆ ಸಿಟ್ಟು ನೆತ್ತಿಗೇರಿತು. “ಹಳ್ಳ ಸ್ವಾಮಿ ಇದು! ಇವಳನ್ನ ಹೆತ್ತಾಗ ನಾನು ಗಂಗೆಪೂಜೆ ಮಾಡಿದ್ದು ಇದೇ ನೀರಿಗೆ. ಈಗ ಇವಳ ಕಾಲು ನೋಡಿ.” ಪಕ್ಕದಲ್ಲಿ ನಿಂತಿದ್ದ ಮಗಳ ಲಂಗವನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದಳು.

ಹುಣ್ಣು ಕಂಡು ಸಾಹೇಬರ ಮುಖ ಸಪ್ಪಗಾಯಿತು. “ಹಳ್ಳ ಅಂತ ಎಲ್ಲರೆದುರು ಹೇಳ್ತೀರಾ? ನಾಳೆನೇ ಪೈಪು ಮುಚ್ಚಿಸ್ತೀನಿ.”

“ದೇವರಾಣೆಗೂ ಹೇಳ್ತೀನಿ.”

ಸಾಹೇಬರು ನೀರನ್ನೂ, ಅದಕ್ಕೆ ಅಂಟಿಕೊಂಡಿದ್ದ ಅವಳ ಮನೆಯನ್ನೂ ನೋಡಿ ದನಿ ತಗ್ಗಿಸಿದರು. “ಒಂದು ಮಾತು ತಿಳ್ಕೊಂಡಿರಿ. ಹಳ್ಳ ಅಂತಾದ್ರೆ ದಡದಲ್ಲಿ ಮನೆ ಇರೋ ಹಾಗಿಲ್ಲ. ಈ ಸಾಲೆಲ್ಲಾ ಒಡೆದುಹಾಕ್ತಾರೆ.”

ಮುನಿರತ್ನ ಸಾಲಿನುದ್ದಕ್ಕೂ ಕಣ್ಣಾಡಿಸಿದಳು. ಮಗಳು ಕಾಲು ಕೆರೆದುಕೊಳ್ಳುತ್ತಲೇ ಇದ್ದಳು. ಆ ಕೈಯನ್ನು ಬಿಡಿಸಿ, ಲಂಗವನ್ನು ಹುಣ್ಣು ಮುಚ್ಚುವಷ್ಟು ಕೆಳಗೆಳೆದಳು.

“ಚರಂಡಿನೇ ಸ್ವಾಮಿ,” ಅಂದಳು.