ಮಹಾನಂದಾಳ ಅಂಗಾಲು

ದಿನವೂ ಭೂಮಿ ನಡುಗುತ್ತಿದ್ದ ಆ ಕಾಲದ ಕಲಬುರಗಿಯಲ್ಲಿ ಓಣಿಗೊಬ್ಬರು ಬರಿಗಾಲಿನ ಕಾವಲುಗಾರರಿದ್ದರು. ದೊಡ್ಡ ಕಂಪನಕ್ಕೆ ಮುಂಚಿನ ಸಣ್ಣ ನಡುಕ ಅವರ ಅಂಗಾಲಿಗೆ ತಿಳಿಯುತ್ತಿತ್ತು. ಅವರು ಕೂಗಿದರೆ ಜನ ಮನೆಯಿಂದ ಹೊರಗೋಡುತ್ತಿದ್ದರು.

ಹನ್ನೊಂದು ವರ್ಷದಿಂದ ಓಣಿ ಕಾಯುತ್ತಿದ್ದ ಮಹಾನಂದಾ ನರಪರೀಕ್ಷೆಗೆ ಬಂದು ಮಂಚದ ಮೇಲೆ ಕಾಲು ಚಾಚಿದಳು. ಡಾಕ್ಟರ್ ಝುಬೇದಾ ಅವಳ ಮೀನಖಂಡಕ್ಕೆ ಸಣ್ಣ ಕರೆಂಟ್ ಕೊಟ್ಟು ಪರದೆ ನೋಡಿದರು. ಮೂರನೇ ಸಲ ಕೊಟ್ಟಾಗ ಮಹಾನಂದಾ ತಲೆಯೆತ್ತಿ ಪರದೆಯತ್ತ ನೋಡಿದಳು.

"ನಂಗ ಚುರುಕ್ ಅಂತ ಗೊತ್ತಾಗಲತ್ತದ್ರಿ," ಅಂದಳು.

"ಗೊತ್ತಾಗ್ತದ ಅಕ್ಕಾ, ಆದ್ರ ತಡಾ ಮುಟ್ಟಲತ್ತದ. ಸಕ್ಕರಿ ಬ್ಯಾನಿ ನರಕ್ಕ ಹತ್ತೇದ. ಈಗಷ್ಟೇ ಸುರು ಆಗೇದ, ಔಷಧ ಅದ. ಈಚೀಗೆ ಕಾವಲಿನಾಗ ಏನರ ತಪ್ಪೇದೇನ್ರಿ?"

ಮಹಾನಂದಾ ತನ್ನ ಪಾದ ನೋಡಿಕೊಂಡಳು. ಮಂಗಳವಾರ ಅಂಗಾಲಿಗೆ ಏನೂ ತಿಳಿದಿರಲಿಲ್ಲ. ಅಡುಗೆಮನೆಯ ತಟ್ಟೆಗಳು ಸದ್ದು ಮಾಡಿದ ಮೇಲೆ ಅವಳು ಕೂಗಿದ್ದಳು. ಪಕ್ಕದ ಮನೆಯ ಬಾಣಂತಿ ಕೂಸನ್ನೆತ್ತಿಕೊಂಡು ಹೊಸ್ತಿಲು ದಾಟುತ್ತಿದ್ದಂತೆ ಹಿಂದೆ ಗೋಡೆ ಬಿದ್ದಿತ್ತು. ಆಮೇಲೆ ಆಕೆ ಬಂದು ಮಹಾನಂದಾಳ ಪಾದ ಮುಟ್ಟಿ ನಮಸ್ಕರಿಸಿದ್ದಳು.

"ತಪ್ಪೇದ್ರಿ," ಮಹಾನಂದಾ ಡಾಕ್ಟರಿಗೆ ಅಂದಳು. "ಬರ್ಕೋರಿ."

ಓಣಿಗೆ ಮರಳಿ ಪ್ರತಿ ಮನೆಯ ಬಾಗಿಲು ತಟ್ಟಿದಳು. "ಹೊಸಬ್ರು ಬರೋ ತನಕ ಮೈದಾನದಾಗ ಇರ್ರಿ. ನನ್ನ ಕಾಲು ನಂಬಬ್ಯಾಡ್ರಿ."

ಜನ ಹಾಸಿಗೆ ಸುತ್ತಿಕೊಂಡು ಹೊರಟರು. ಖಾಲಿಯಾದ ಓಣಿಯಲ್ಲಿ ಅವಳು ಪಾದ ಊರಿ ನಿಂತಳು. ನೆಲ ಸುಮ್ಮನಿದೆಯೋ, ಕಾಲೇ ಸುಮ್ಮನಾಗಿದೆಯೋ ಅವಳಿಗೆ ತಿಳಿಯಲಿಲ್ಲ.